ಹತ್ತೊಂಬತ್ತನೇ ಡಬ್ಬಿ

ಹೆತ್ತವರು ಇಟ್ಟ ಹೆಸರೊಂದು ಅವಳಿಗೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹೊಳೆದಂಡೆಯ ಇಳಿಜಾರಿನ ಎಂಬತ್ತು ಮನೆಗಳಿಗೂ ಅವಳು ಡಬ್ಬಿಯಕ್ಕ. ಅಲ್ಲಿಯ ಸೀಬೆ ತೋಟಗಳಲ್ಲಿ ಒಟ್ಟು ನಲವತ್ತೆರಡು ಪ್ಲಾಸ್ಟಿಕ್ ಡಬ್ಬಿಗಳು ನೇತಾಡುತ್ತಿದ್ದವು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಸುತ್ತಿ, ಒಂದೊಂದರ ಮುಚ್ಚಳ ತಿರುಗಿಸಿ, ಒಳಗೆ ಸತ್ತು ಬಿದ್ದ ನೊಣಗಳನ್ನು ಲಕೋಟೆಗೆ ಸುರಿದು, ಮೇಲೆ ನಂಬರು ತಾರೀಖು ಬರೆದು ಪ್ರಯೋಗಾಲಯಕ್ಕೆ ಮುಟ್ಟಿಸುವುದು ಅವಳ ಉದ್ಯೋಗ. ಕೆಲಸಕ್ಕೆ ಸೇರಿದ ದಿನ ಅವಳ ಅತ್ತೆ ಅಕ್ಕಪಕ್ಕದವರನ್ನೆಲ್ಲ ಕರೆದು ನಕ್ಕಿದ್ದೇ ನಕ್ಕಿದ್ದು. "ಕೆಲಸ ಇಲ್ದೋರು ನೊಣ ಹೊಡೀತಾರೆ ಅಂತ ಕೇಳಿದ್ದೆ. ನಮ್ಮ ಸೊಸೆಗೆ ನೋಡ್ರಮ್ಮಾ, ನೊಣ ಹೊಡಿಯೋದಕ್ಕೇ ಸಂಬಳ!" ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಅತ್ತೆ ಸೊಸೆಯ ಇಲಾಖೆ ಟೋಪಿಯನ್ನು ತಾನೇ ಒಗೆದು, ದಾರಿಹೋಕರಿಗೆಲ್ಲ ಕಾಣುವ ಹಾಗೆ ಅಂಗಳದ ತಂತಿಯ ಮೇಲೆ ಒಣಹಾಕುತ್ತಿದ್ದಳು.

ನಗುವಂಥ ಕೆಲಸವೇ ಅಲ್ಲ ಅದು. ಹೊರದೇಶದಿಂದ ಯಾರದೋ ಹಣ್ಣಿನ ಬುಟ್ಟಿಯಲ್ಲಿ ಕೂತು ಬಂದ ಒಂದು ಜಾತಿಯ ನೊಣ ಎರಡು ವರ್ಷದ ಹಿಂದೆ ಹೊಳೆಯ ಆಚೆ ದಡಕ್ಕೆ ಕಾಲಿಟ್ಟಿತ್ತು. ನೋಡಲಿಕ್ಕೆ ಏನು ಮಹಾ! ಮನೆ ನೊಣಕ್ಕಿಂತ ಒಂದು ಚೂರು ದೊಡ್ಡದು, ಬೆನ್ನ ಮೇಲೆ ಎರಡು ಹಳದಿ ಗೀಟು, ಅಷ್ಟೇ. ಆದರೆ ಹೆಣ್ಣು ನೊಣ ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಟ್ಟುಬಿಡುತ್ತದೆ. ಹೊರಗಿನಿಂದ ಹಣ್ಣು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿರುತ್ತದೆ. ಕೊಯ್ದರೆ ಒಳಗೆಲ್ಲ ಬಿಳಿ ಹುಳ. ಆಚೆ ದಡದವರು ಎರಡು ಬೆಳೆ ಮಣ್ಣುಪಾಲು ಮಾಡಿ, ಕಡೆಗೆ ಬೇಸತ್ತು ಮರಗಳನ್ನೇ ಕಡಿದು ಸೌದೆಗೆ ಹಾಕುತ್ತಿದ್ದರು.

ಈಚೆ ದಡ ಇನ್ನೂ ಚೊಕ್ಕಟವಾಗಿತ್ತು. ಹಾಗೆಂದು ಹೇಳುವುದಕ್ಕಿದ್ದ ಸಾಕ್ಷಿ ಆ ನಲವತ್ತೆರಡು ಡಬ್ಬಿ ಮಾತ್ರ. ಒಳಗೆ ಕಟ್ಟಿದ ಮದ್ದಿನ ಬತ್ತಿಯ ವಾಸನೆಗೆ ಗಂಡು ನೊಣ ಎಲ್ಲಿದ್ದರೂ ಹುಡುಕಿಕೊಂಡು ಬಂದು ಬೀಳುತ್ತದೆ. ಊರಿನ ಮಾಮೂಲಿ ನೊಣಗಳೂ ಬೀಳುತ್ತವೆ. ಅವುಗಳ ನಡುವೆ ಆ ಪರದೇಶಿ ಕಳ್ಳ ಇದ್ದಾನೆಯೇ ಎಂದು ನೋಡಿ ಹೇಳುವವರು ಪ್ರಯೋಗಾಲಯದ ಸಾಹೇಬರು. ಊರವರು ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಒಂದೇ ಒಂದು ಸಿಕ್ಕರೂ ಸಾಕು, ಇಡೀ ಇಳಿಜಾರಿನ ಕಾಯಿ ಕಿತ್ತು ಹೂಳಬೇಕೆಂಬುದು ಕಾನೂನು.

ಡಬ್ಬಿಯಕ್ಕನಿಗೆ ಒಂದು ಜಂಬವಿತ್ತು. ವಾರದ ಹಾಳೆಯಲ್ಲಿ ನಲವತ್ತೆರಡು ಚೌಕಗಳಿರುತ್ತವೆ. ಡಬ್ಬಿ ಕಳೆದುಹೋಗಿದ್ದರೆ, ಒಡೆದಿದ್ದರೆ, ಆ ಚೌಕದಲ್ಲಿ "ಡಬ್ಬಿ ಇಲ್ಲ" ಎಂದು ಬರೆಯಬೇಕು. ಬೇರೆಯವರ ಹಾಳೆಗಳಲ್ಲಿ ಅಂಥ ಚೌಕಗಳು ಬೇಕಾದಷ್ಟು. ಮಂಗ ಕಿತ್ತಿತು, ಆಡು ಎಳೆಯಿತು ಎಂದು ನೂರೆಂಟು ನೆಪ. ಇವಳ ಹಾಳೆಯಲ್ಲಿ ಮೂರು ವರ್ಷದಲ್ಲಿ ಒಂದೂ ಇರಲಿಲ್ಲ. ಭೂತಗನ್ನಡಿಯವರು ಆ ಹಾಳೆಗಳನ್ನು ಹೊಸದಾಗಿ ಸೇರಿದವರಿಗೆ ತೋರಿಸುತ್ತಿದ್ದರಂತೆ. ಹಾಗೆ ತೋರಿಸುವುದು ಇವಳ ಕಿವಿಗೂ ಬಿದ್ದಿತ್ತು, ಬೀಳದೆ ಇರುತ್ತದೆಯೇ!

ಆ ಜಂಬವೇ ಅವಳನ್ನು ಕೆಡಿಸಿತು. ಒಂದು ದಿನ ಬಿರುಗಾಳಿ ಬೀಸಿ ಹತ್ತೊಂಬತ್ತನೇ ಡಬ್ಬಿ ಕಲ್ಲಿಗೆ ಬಡಿದು ಚೂರಾಯಿತು. ಹೊಸದು ಬರುವುದು ಮುಂದಿನ ತಿಂಗಳು. ಸೇತುವೆಯ ಬಳಿ ಆಚೆ ದಡದ ಡಬ್ಬಿಯವನು ಸಿಕ್ಕಿದಾಗ ಅವಳು ಅದನ್ನೇ ಹೇಳಿಕೊಂಡಳು. ಅವನ ಕಡೆ ಡಬ್ಬಿ ಕಟ್ಟುವುದನ್ನೇ ನಿಲ್ಲಿಸಿದ್ದರು. ಮನೆ ತುಂಬ ಕಳ್ಳರಿರುವಾಗ ಕಾವಲೇಕೆ? ಅವನು ಗಾಡಿಯ ಪೆಟ್ಟಿಗೆಯಿಂದ ಒಂದು ಹಳೇ ಡಬ್ಬಿ ತೆಗೆದುಕೊಟ್ಟ. ಆಚೆ ದಡದ ಡಬ್ಬಿ ಸೇತುವೆ ದಾಟಬಾರದು ಎಂದು ತರಬೇತಿಯಲ್ಲಿ ಸಾಹೇಬರು ಮೂರು ಸಲ ಹೇಳಿದ್ದರು. ಅವಳಿಗೆ ನೆನಪಿರಲಿಲ್ಲವೇ? ಚೆನ್ನಾಗಿಯೇ ಇತ್ತು.

"ಖಾಲಿ ಡಬ್ಬಿ ಕಣಕ್ಕಾ, ಅದೇನು ಕಚ್ಚತ್ತಾ?" ಎಂದ ಅವನು.

ಅವಳು ಅದನ್ನು ಬೋರಲು ಹಾಕಿ ಅಂಗೈಗೆ ಮೂರು ಸಲ ತಟ್ಟಿದಳು. ಏನೂ ಬೀಳಲಿಲ್ಲ. ಕರವಸ್ತ್ರದಿಂದ ಒರೆಸಿ, ಹೊಸ ಬತ್ತಿ ಕಟ್ಟಿ, ಇರುವೆ ಹತ್ತದಂತೆ ತಂತಿಗೆ ಗ್ರೀಸ್ ಸವರಿ ಅದೇ ಮರಕ್ಕೆ ನೇತುಹಾಕಿದಳು. ಹಾಳೆಯ ಚೌಕ ತುಂಬಿತು. ಅವಳು ಆ ವಿಷಯವನ್ನು ಅಲ್ಲಿಗೇ ಮರೆತಳು.

ಮೊದಲ ವಾರದ ಲಕೋಟೆಯಲ್ಲಿ ಏನೂ ಇರಲಿಲ್ಲ. ಎರಡನೇ ವಾರದ್ದು ಕೊಟ್ಟು ಬಂದ ಮೇಲೆ, ಸೋಮವಾರ ಬೆಳಿಗ್ಗೆ ಭೂತಗನ್ನಡಿಯವರ ಫೋನು ಬಂತು. ಅವರ ಧ್ವನಿ ಯಾವತ್ತಿಗಿಂತ ಸಣ್ಣದಾಗಿತ್ತು.

"ಹತ್ತೊಂಬತ್ತರಲ್ಲಿ ಒಂದಿದೆಯಮ್ಮ."

"ಒಂದಾ ಸಾರ್?"

"ಒಂದೇ. ಗಂಡು. ಒಣಗಿ ತರಗಾಗಿದೆ, ಒಂದು ರೆಕ್ಕೆ ಇಲ್ಲ. ಆದ್ರೆ ಅದೇ ಜಾತಿ, ಅನುಮಾನವೇ ಇಲ್ಲ."

ಒಣಗಿದೆ, ರೆಕ್ಕೆ ಇಲ್ಲ ಎಂದ ಕೂಡಲೇ ಅವಳ ಕಣ್ಣ ಮುಂದೆ ಸೇತುವೆ ಬಂತು. ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ ಹೊರಬಂದದ್ದು "ಸರಿ ಸಾರ್" ಎನ್ನುವ ಮಾತು ಮಾತ್ರ.

ಮರುದಿನ ಹಣ್ಣಿನ ಮಂಡಿಯ ದೊಡ್ಡ ಶೆಡ್ಡಿನಲ್ಲಿ ಸಭೆ. ಎಂಬತ್ತು ಮನೆಯವರೂ ಬಂದಿದ್ದರು. ಕೊಯ್ಲಿಗೆ ಇನ್ನು ಮೂರೇ ವಾರ. ಎಲ್ಲರ ಮರಗಳಲ್ಲೂ ಕೊಂಬೆ ಬಾಗುವಷ್ಟು ಕಾಯಿ. ಭೂತಗನ್ನಡಿಯವರು ಕಾಗದ ಓದಿದರು: ಶನಿವಾರ ಬೆಳಿಗ್ಗೆಯಿಂದ ಪ್ರತಿ ಮರದ ಪ್ರತಿ ಕಾಯಿ ಕಿತ್ತು, ಕಪ್ಪು ಚೀಲಕ್ಕೆ ತುಂಬಿ, ಆಳು ಮಟ್ಟದ ಗುಂಡಿಯಲ್ಲಿ ಹೂಳತಕ್ಕದ್ದು. ಶೆಡ್ಡಿನಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ಆಮೇಲೆ ಸಾಹೇಬರು ಮೈಕು ಹಿಡಿದು ಹೊಗಳತೊಡಗಿದರು. "ಒಂದೇ ನೊಣ ಇರುವಾಗ ಹಿಡಿದಿದ್ದೀವಿ ಅಂದ್ರೆ ಅದಕ್ಕೆ ಕಾರಣ ಈ ತಾಯಿ. ಆಚೆ ದಡದಲ್ಲಿ ಇಂಥವರೊಬ್ಬರು ಇದ್ದಿದ್ರೆ ಆ ಮರಗಳು ಇವತ್ತು ಉಳೀತಿದ್ವು." ಎಲ್ಲರೂ ತಿರುಗಿ ನೋಡಿದರು. ಕಣ್ಣೊರೆಸಿಕೊಳ್ಳುತ್ತಲೇ ಕೆಲವರು ಚಪ್ಪಾಳೆ ತಟ್ಟಿದರು. ಅಯ್ಯೋ, ಆ ಚಪ್ಪಾಳೆ! ಮುಖಕ್ಕೆ ಉಗಿದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು.

ಸಭೆ ಮುಗಿದ ಮೇಲೆ ಅಂಚೆಯಣ್ಣ ಬಂದು ಅವಳ ಕೈ ಹಿಡಿದುಕೊಂಡ. ಹತ್ತೊಂಬತ್ತನೇ ಡಬ್ಬಿ ನೇತಾಡುತ್ತಿದ್ದುದು ಇವನ ತೋಟದಲ್ಲಿ. ಮನೆಮನೆಗೆ ಕಾಗದ ಹಂಚಿ ನಿವೃತ್ತನಾದವನು. ಆರು ವರ್ಷದ ಹಿಂದೆ ಹೆಂಡತಿಯ ಹಟಕ್ಕೆ ಇಪ್ಪತ್ತಾರು ಸೀಬೆ ಗಿಡ ನೆಟ್ಟಿದ್ದ. ಈ ವರ್ಷದ್ದೇ ಮೊದಲ ತುಂಬು ಫಸಲು. "ನೀನಿದ್ದೆ, ಮರ ಆದ್ರೂ ಉಳೀತು ಬಿಡಮ್ಮ" ಎಂದ. ಅವಳು ತಲೆ ತಗ್ಗಿಸಿಕೊಂಡು ಮನೆಗೆ ಬಂದಳು.

ಬಂದವಳೇ ಮೂಲೆಯಲ್ಲಿದ್ದ, ಮಗ್ಗುಲು ಸೀಳಿದ ಒಂದು ಹಳೇ ಡಬ್ಬಿಯ ಮುಚ್ಚಳ ಬಿಚ್ಚಿದಳು. ಮುಚ್ಚಳದ ಒಳಗೆ, ಅದನ್ನು ತಿರುಗಿಸಿ ಬಿಗಿಮಾಡುವ ಕಡೆ, ಸುತ್ತಲೂ ಒಂದು ಸಣ್ಣ ಸಂದಿ ಇತ್ತು. ಕಿಟಕಿಯಲ್ಲಿ ಸತ್ತುಬಿದ್ದಿದ್ದ ಒಂದು ನೊಣವನ್ನು ಕಡ್ಡಿಯಿಂದ ಆ ಸಂದಿಗೆ ತಳ್ಳಿ, ಡಬ್ಬಿ ಮುಚ್ಚಿ, ಬೋರಲು ಹಾಕಿ ಅಂಗೈಗೆ ಮೂರು ಸಲ ತಟ್ಟಿದಳು. ಬೀಳಲಿಲ್ಲ. ಐದು ಸಲ, ಹತ್ತು ಸಲ ತಟ್ಟಿದಳು. ಹದಿನಾಲ್ಕನೇ ಏಟಿಗೆ ನೊಣ ಅಂಗೈ ಮೇಲೆ ಬಿತ್ತು, ಒಂದು ರೆಕ್ಕೆ ಇಲ್ಲದೆ.

"ಏನೇ ಅದು, ಮನೆಯಲ್ಲೂ ನೊಣದ ಸಂತೆ?" ಎಂದು ಅತ್ತೆ ಒಳಗೆ ಬಂದಳು. ಸೊಸೆಯ ಮುಖ ನೋಡಿ ಅಲ್ಲೇ ಕೂತಳು. ಸೊಸೆ ಎಲ್ಲವನ್ನೂ ಹೇಳಿದಳು. ಅತ್ತೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

"ಯಾರಾದ್ರೂ ನೋಡಿದಾರಾ?"

"ಇಲ್ಲ."

"ಹಾಗಿದ್ರೆ ಬಾಯಿಗೆ ಬೀಗ ಹಾಕ್ಕೋ. ಹೇಳಿದ್ರೆ ಈ ಊರಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ, ನೀನೂ ಅಷ್ಟೇ, ನಾನೂ ಅಷ್ಟೇ. ಅದೂ ಅಲ್ದೆ, ಆ ನೊಣ ನಿಜವಾಗ್ಲೂ ಹಾರಿಕೊಂಡೇ ಬಂದಿದ್ರೆ? ಯಾರಿಗೆ ಗೊತ್ತು?"

ಯಾರಿಗೆ ಗೊತ್ತು! ಡಬ್ಬಿಯಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೊಣ ಹಾರಿ ಬಂದಿದ್ದರೆ ತಪ್ಪು ಅವಳದ್ದಲ್ಲ. ಹಾರಿ ಬಂದಿದ್ದರೆ ಅದರ ಜೊತೆಯ ಹೆಣ್ಣುಗಳು ಎಲ್ಲಾದರೂ ಒಂದು ಕಾಯಿಯನ್ನು ಚುಚ್ಚಿರುತ್ತವೆ. ಒಂದು ಹುಳ ಸಿಕ್ಕಿದರೆ ಸಾಕು, ಕಾನೂನು ಸರಿ, ಸಾಹೇಬರು ಸರಿ, ಅವಳೂ ಸರಿ.

ಬುಧವಾರ ಬೆಳಿಗ್ಗೆ ಏಳುತ್ತಲೇ ಚಾಕು ತೆಗೆದುಕೊಂಡು ಅಂಚೆಯಣ್ಣನ ತೋಟಕ್ಕೆ ಹೋದಳು. ಉದುರಿದ ಕಾಯಿ ಕೊಯ್ದು ನೋಡುವುದು ಅವಳ ಕೆಲಸದಲ್ಲೇ ಸೇರಿದ್ದರಿಂದ ಯಾರೂ ಏಕೆ ಎಂದು ಕೇಳಲಿಲ್ಲ. ಅಂಚೆಯಣ್ಣನೂ ಮಂಡಿಯೂರಿ ಪಕ್ಕದಲ್ಲಿ ಕೂತು ಕಾಯಿ ಆರಿಸಿಕೊಟ್ಟ. ಒಂದೊಂದನ್ನು ಕೊಯ್ದಾಗಲೂ ಅವನು ತನ್ನಷ್ಟಕ್ಕೆ ತಾನು ಗುನುಗುತ್ತಿದ್ದ: "ಇರದಿರಲಪ್ಪಾ, ಇರದಿರಲಿ." ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು: ಇರಲಿ, ಒಂದಾದರೂ ಇರಲಿ. ಎರಡು ಬುಟ್ಟಿ ಮುಗಿಯಿತು. ಮೂರನೆಯ ಬುಟ್ಟಿಯ ನಡುವೆ ಒಂದು ಕಾಯಿ ಹೋಳಾದಾಗ ಬೀಜದ ಮಗ್ಗುಲಲ್ಲಿ ಏನೋ ಬೆಳ್ಳಗೆ, ಉದ್ದಕ್ಕೆ ಕಂಡಿತು.

"ಸಿಕ್ತು!" ಎಂದಳು ಅವಳು.

ಚಾಕುವಿನ ತುದಿಯಿಂದ ಎತ್ತಿ ನೋಡಿದರೆ ಅದು ತಿರುಳಿನ ಒಂದು ಎಳೆ. ಹುಳವೂ ಅಲ್ಲ, ಮಣ್ಣೂ ಅಲ್ಲ. ಅವಳು ತಲೆಯೆತ್ತಿದಾಗ ಅಂಚೆಯಣ್ಣ ಅವಳನ್ನೇ ದಿಟ್ಟಿಸುತ್ತಿದ್ದ.

"ಯಾಕಮ್ಮ, ನಗ್ತಾ ಇದ್ದೆ?" ಎಂದ ಮೆಲ್ಲಗೆ.

ಅವಳು ಚಾಕು ಕೆಳಗಿಟ್ಟಳು. ಹೌದು, ಅವಳು ನಕ್ಕಿದ್ದಳು. ಎಂಬತ್ತು ಮನೆಯವರ ಅನ್ನಕ್ಕೆ ಹುಳ ಬೀಳಲೆಂದು ಬೆಳಿಗ್ಗೆಯಿಂದ ಹರಕೆ ಹೊತ್ತವಳ ಹಾಗೆ ಕೂತಿದ್ದಳು. ಬಿತ್ತು ಎಂದುಕೊಂಡು ನಕ್ಕಿದ್ದಳು. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಲ್ಲೇ ಮಣ್ಣಿನಲ್ಲಿ ಕೂತು ಸೇತುವೆಯಿಂದ ಹಿಡಿದು ಹದಿನಾಲ್ಕನೇ ಏಟಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮೊದಲು ಬಾಯಿ ಬಿಟ್ಟವಳು ಹಿಂದೆ ನೀರಿನ ಕೊಡ ಹಿಡಿದು ನಿಂತಿದ್ದ ಅಂಚೆಯಣ್ಣನ ಹೆಂಡತಿ. ಡಬ್ಬಿಯಕ್ಕ ಅವಳನ್ನು ಮೂರು ವರ್ಷದಿಂದ ಅತ್ತಿಗೆ ಎಂದು ಕರೆಯುತ್ತಿದ್ದಳು.

"ಆರು ವರ್ಷ ಈ ಗಿಡಗಳಿಗೆ ಸೊಂಟದ ಮೇಲೆ ನೀರು ಹೊತ್ತಿದೀನಿ ಕಣೇ! ಚೌಕ ಖಾಲಿ ಬಿಡಬಾರದು ಅಂತ ನಮ್ಮ ಮನೆ ತೊಳೆದೆಯಾ? ನಿನ್ನೆ ಚಪ್ಪಾಳೆ ತಟ್ಟಿಸ್ಕೊಳ್ಳೋವಾಗ ನಿನಗೆ ನಾಚಿಕೆ ಆಗ್ಲಿಲ್ವಾ?"

"ಆಯ್ತು ಅತ್ತಿಗೆ" ಎಂದಳು ಡಬ್ಬಿಯಕ್ಕ.

ಅಂಚೆಯಣ್ಣ ಮೊಣಕಾಲ ಮಣ್ಣು ಕೊಡವಿ ಎದ್ದ. "ಬೈಯೋದು ಆಮೇಲೂ ಇದ್ದೇ ಇರತ್ತೆ. ನಡಿ, ಮೊದ್ಲು ಸಾಹೇಬ್ರ ಹತ್ರ ಹೋಗೋಣ."

ಪ್ರಯೋಗಾಲಯವೆಂದರೆ ಮಂಡಿಯ ಮಹಡಿಯ ಮೇಲಿನ ಒಂದೇ ಕೋಣೆ. ಗೋಡೆಗೆ ಇಳಿಜಾರಿನ ನಕ್ಷೆ, ಮೇಜಿನ ಮೇಲೆ ಲಕೋಟೆಗಳ ರಾಶಿ, ಒಂದು ಗಾಜಿನ ಬಿಲ್ಲೆಯ ಮೇಲೆ ಆ ಒಂಟಿ ರೆಕ್ಕೆಯ ನೊಣ. ಭೂತಗನ್ನಡಿಯವರು ಅವಳ ಮಾತನ್ನು ಕಡೆಯವರೆಗೆ ಕೇಳಿ ಕನ್ನಡಕ ತೆಗೆದಿಟ್ಟರು.

"ಮೊನ್ನೆ ಫೋನ್ ಮಾಡಿದಾಗ ಯಾಕೆ ಹೇಳ್ಲಿಲ್ಲ?"

"ನಾಲಿಗೆ ಏಳ್ಲಿಲ್ಲ ಸಾರ್."

"ಈಗ ನಾನು ಯಾರನ್ನ ನಂಬ್ಲಿ? ಡಬ್ಬೀಲೇ ಬಂತು ಅಂತ ಬರೆದು ಆರ್ಡರ್ ನಿಲ್ಲಿಸ್ತೀನಿ ಅಂದ್ಕೊಳ್ಳಿ. ಅದು ಹಾರಿಕೊಂಡು ಬಂದಿದ್ರೆ? ಮುಂದಿನ ತಿಂಗಳು ಎಲ್ಲರ ಹಣ್ಣಲ್ಲೂ ಹುಳ, ಮುಂದಿನ ವರ್ಷ ಎಲ್ಲರ ಮರವೂ ಸೌದೆ. ನಿಲ್ಲಿಸ್ಲಿಲ್ಲ ಅಂದ್ರೆ ಏನೂ ಇಲ್ದೆ ಎಂಬತ್ತು ಮನೆ ಫಸಲು ಗುಂಡಿಗೆ. ಹೇಳಿ, ಯಾವುದು ನಿಜ?"

"ಗೊತ್ತಿಲ್ಲ ಸಾರ್."

ಸಾಹೇಬರು ಮೇಜಿನ ಮೇಲೆ ಕೈ ಚೆಲ್ಲಿ ಕೂತರು. ಆಗ ಅಂಚೆಯಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರೇ, ನೊಣ ಬಂದಿದ್ರೆ ಮೊದ್ಲು ಯಾರ ಮನೆಗೆ ಬಂದಿರತ್ತೆ?"

"ನಿಮ್ಮ ತೋಟಕ್ಕೇ. ಅಷ್ಟು ಕಾಯಿ ಬಿಟ್ಟು ಮುಂದಕ್ಕೆ ಯಾಕೆ ಹೋಗತ್ತೆ?"

"ಹಾಗಿದ್ರೆ ನನ್ನ ಇಪ್ಪತ್ತಾರು ಮರ ಕೀಳಿ. ಒಂದೂ ಬಿಡದೆ ಕೊಯ್ದು ನೋಡಿ. ಹುಳ ಇದ್ರೆ ಎಲ್ಲರದ್ದೂ ಹೋಗ್ಲಿ. ಇಲ್ದಿದ್ರೆ ನನ್ನದೊಂದೇ ಹೋಗ್ಲಿ. ಜೀವಮಾನವೆಲ್ಲ ಕಾಗದ ಹಂಚಿದವನು ನಾನು, ತಪ್ಪು ವಿಳಾಸಕ್ಕೆ ಬಂದಿದ್ದನ್ನ ವಿಚಾರಿಸದೆ ಒಡೆದವನಲ್ಲ."

ಸಾಹೇಬರು ಎದ್ದು ನಕ್ಷೆಯ ಮುಂದೆ ನಿಂತರು. ಅಂಚೆಯಣ್ಣನ ತೋಟದ ಸುತ್ತ ಪೆನ್ಸಿಲಿನಲ್ಲಿ ಹನ್ನೆರಡು ಚುಕ್ಕಿ ಇಟ್ಟರು. ಜಿಲ್ಲಾ ಕಚೇರಿಯಿಂದ ಇವತ್ತೇ ಹೊಸ ಡಬ್ಬಿ ತರಿಸಿ ಅಲ್ಲೆಲ್ಲ ಕಟ್ಟಿಸುತ್ತೇನೆ, ಬೇರೆಯವರ ಕೈಯಲ್ಲಿ. ಅದೇನೇ ಬಂದರೂ ನನ್ನ ತಲೆಗೇ ಬರಲಿ ಎಂದರು. ಶುಕ್ರವಾರ ಸಂಜೆಯೊಳಗೆ ಕಾಯಿಯಲ್ಲಾಗಲಿ ಡಬ್ಬಿಯಲ್ಲಾಗಲಿ ಒಂದು ಸಿಕ್ಕಿದರೂ ಶನಿವಾರ ಇಡೀ ಇಳಿಜಾರು ಬೋಳು. ಡಬ್ಬಿಯಕ್ಕ ಯಾರೂ ಕೇಳದೆಯೇ ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಸಾಹೇಬರು ಒಂದು ಗಳಿಗೆ ನೋಡಿ ಅದನ್ನು ಡ್ರಾಯರಿಗೆ ಹಾಕಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು! ಗುರುವಾರ ಬೆಳಿಗ್ಗೆ ಅಂಚೆಯಣ್ಣನ ತೋಟದಲ್ಲಿ ನಲವತ್ತು ಐವತ್ತು ಜನ ಚಾಕು ಹಿಡಿದು ಕೂತಿದ್ದರು. ಮರದಿಂದ ಕಾಯಿ ಕೀಳುವವರು ಕೆಲವರು, ಹೊರುವವರು ಕೆಲವರು. ಉಳಿದವರು ಹಲಗೆಯ ಮೇಲೆ ಒಂದೊಂದು ಕಾಯಿಯನ್ನು ನಾಲ್ಕು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡಿ, ಕಪ್ಪು ಚೀಲಕ್ಕೆ ಎಸೆಯುತ್ತಿದ್ದರು. ಡಬ್ಬಿಯಕ್ಕ ಒಂದು ಹಲಗೆಯ ಮುಂದೆ ಕೂತಳು. ಅವಳ ಎಡಕ್ಕೂ ಬಲಕ್ಕೂ ಇದ್ದವರು ಚಾಪೆ ಎಳೆದುಕೊಂಡು ದೂರ ಸರಿದರು.

"ಟೋಪಿ ಎಲ್ಲಮ್ಮಾ, ಗಾಳಿಗೆ ಹಾರಿಹೋಯ್ತಾ?" ಎಂದ ಒಬ್ಬ.

ಅವಳು ಮುಂದಿನ ಕಾಯಿ ಎತ್ತಿಕೊಂಡಳು. ಎದುರಿಗೆ ಯಾರೋ ಬಂದು ಕೂತಂತಾಗಿ ನೋಡಿದರೆ ಅತ್ತಿಗೆ. ಮುಖ ಬಿಗಿದುಕೊಂಡು, ಅವಳ ಹಲಗೆಯ ಮೇಲೆಯೇ ತನ್ನ ಬುಟ್ಟಿ ಸುರಿದಳು. ಮಾತಿಲ್ಲ, ಕತೆಯಿಲ್ಲ. ಡಬ್ಬಿಯಕ್ಕ ಕೊಯ್ದ ಪ್ರತಿ ಹೋಳನ್ನೂ ಅವಳು ಕಿತ್ತುಕೊಂಡು ತಾನೊಮ್ಮೆ ನೋಡಿ ಎಸೆಯುತ್ತಿದ್ದಳು. ನಂಬಿಕೆ ಇಲ್ಲವೆಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಮೊದಲ ದಿನ ಹದಿನೈದು ಮರ ಮುಗಿಯಿತು. ಡಬ್ಬಿಯಕ್ಕನ ಬೆರಳುಗಳು ಕಾಯಿಯ ಒಗರಿಗೆ ಕಪ್ಪಾಗಿ ಬಿರಿದವು. ಪ್ರತಿ ಚೊಕ್ಕಟ ಕಾಯಿಯೂ ತನ್ನ ತಪ್ಪಿಗೆ ಸಾಕ್ಷಿ ಹೇಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಹಾಗಿದ್ದೂ ಈಗ ಅವಳ ಬಾಯಲ್ಲಿ ಅಂಚೆಯಣ್ಣನ ಮಾತೇ ಬರುತ್ತಿತ್ತು: ಇರದಿರಲಪ್ಪಾ, ಇರದಿರಲಿ. ಹಿಂದಿನ ದಿನ ತಾನು ಬೇಡಿದ್ದನ್ನು ಯಾವ ದೇವರೂ ಕೇಳಿಸಿಕೊಂಡಿಲ್ಲದಿದ್ದರೆ ಸಾಕೆಂದು ಹೆದರುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ, ಇಪ್ಪತ್ತಮೂರನೇ ಮರದ ಕಾಯಿ ಕೊಯ್ಯುವಾಗ, ಆಚೆ ಸಾಲಿನಿಂದ ಒಬ್ಬ ಮುದುಕ ಕಿರುಚಿದ: "ಹುಳ! ಹುಳ ಐತೆ!"

ಎಲ್ಲರ ಕೈಯೂ ನಿಂತಿತು. ಭೂತಗನ್ನಡಿಯವರು ಎದ್ದೂ ಬಿದ್ದೂ ಓಡಿದರು. ಹೋಳನ್ನು ತಟ್ಟೆಯಲ್ಲಿಟ್ಟು, ಕನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಅತ್ತಿಗೆ ತನಗರಿವಿಲ್ಲದೆ ಡಬ್ಬಿಯಕ್ಕನ ಮಣಿಕಟ್ಟು ಹಿಡಿದಿದ್ದಳು, ಉಗುರು ಇಳಿಯುವ ಹಾಗೆ.

ಕಡೆಗೆ ಸಾಹೇಬರು ನೆಟ್ಟಗಾದರು. "ಕಾಲಿದೆ ಇದಕ್ಕೆ" ಎಂದರು ಉಸಿರು ಬಿಡುತ್ತ. "ನೊಣದ ಹುಳಕ್ಕೆ ಕಾಲಿರಲ್ಲ. ಇದು ಇಲ್ಲಿಯದೇ ಮಾಮೂಲಿ ಕಾಯಿಕೊರಕ, ನಿಮ್ಮಜ್ಜನ ಕಾಲದ್ದು." ಮುದುಕ ಅಲ್ಲೇ ಕುಸಿದು ಕೂತ. ಅತ್ತಿಗೆ ತನ್ನ ಕೈ ನೋಡಿಕೊಂಡು ಬೆಂಕಿ ಮುಟ್ಟಿದವಳ ಹಾಗೆ ಹಿಂದಕ್ಕೆಳೆದುಕೊಂಡಳು.

ಕೊನೆಯ ಮರದ ಕೊನೆಯ ಬುಟ್ಟಿ ಬಂದಾಗ ಬಿಸಿಲು ಇಳಿಯುತ್ತಿತ್ತು. ತಮ್ಮ ತಮ್ಮ ಹಲಗೆ ಮುಗಿಸಿದವರೆಲ್ಲ ಇವರ ಸುತ್ತ ಬಂದು ನಿಂತರು. ಬುಟ್ಟಿಯ ತಳದಲ್ಲಿ ಉಳಿದ ಕಡೆಯ ಕಾಯಿಯನ್ನು ಅತ್ತಿಗೆ ತಾನೇ ಕೈಗೆತ್ತಿಕೊಂಡಳು. ನಾಲ್ಕು ಹೋಳು ಮಾಡಿ ಅಗಲಿಸಿದಳು. ಒಳಗೆ ಅಚ್ಚ ಬಿಳುಪು. ಅಷ್ಟರಲ್ಲಿ ಭೂತಗನ್ನಡಿಯವರು ಹನ್ನೆರಡು ಡಬ್ಬಿಗಳ ಲಕೋಟೆ ನೋಡಿ ಮುಗಿಸಿ ಬಂದರು. ಒಂದರಲ್ಲೂ ಇರಲಿಲ್ಲ. ಇನ್ನು ಎರಡು ತಿಂಗಳು ದಿನವೂ ನೋಡುತ್ತೇವೆ, ಆದರೆ ನಾಳೆ ಯಾರೂ ಮರ ಮುಟ್ಟಬೇಕಾಗಿಲ್ಲ ಎಂದರು. ಜನ ಹೋ ಎಂದು ಕೂಗಿದರು. ಅಂಚೆಯಣ್ಣನನ್ನು ತಬ್ಬಿಕೊಂಡವರು ಎಷ್ಟೋ, ಅತ್ತವರು ಎಷ್ಟೋ. ಆಮೇಲೆ ತಮ್ಮ ತಮ್ಮ ತೋಟ ಕಣ್ಣಾರೆ ನೋಡುವ ಅವಸರದಲ್ಲಿ ಒಬ್ಬೊಬ್ಬರೇ ಹೊರಟರು. ಇಪ್ಪತ್ತಾರು ಬೋಳು ಮರಗಳ ಕೆಳಗೆ ಇಬ್ಬರು ಹೆಂಗಸರು ಉಳಿದರು.

"ಒಂದೂ ಹುಳ ಇಲ್ಲ" ಎಂದಳು ಅತ್ತಿಗೆ. ಎರಡು ದಿನದಲ್ಲಿ ಅವಳು ಬಾಯಿ ಬಿಟ್ಟಿದ್ದು ಆಗಲೇ. "ನೊಣ ಬಂದೇ ಇರ್ಲಿಲ್ಲ. ಅದು ನಿನ್ನ ಡಬ್ಬೀಲೇ ಇತ್ತು. ತಪ್ಪು ನಿಂದೇ ಕಣೇ. ಈಗ ಸಾಬೀತಾಯ್ತು."

"ಹೌದು ಅತ್ತಿಗೆ, ನಂದೇ!" ಎಂದಳು ಡಬ್ಬಿಯಕ್ಕ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ತುಂಬ ನಗು. ಬದುಕಿನಲ್ಲಿ ಅಷ್ಟು ಒಳ್ಳೆಯ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. "ದೇವ್ರು ದೊಡ್ಡೋನು. ನಂದೇ, ಪೂರ್ತಿ ನಂದೇ."

ಅತ್ತಿಗೆ ಆ ನಗುವನ್ನು ತುಂಬ ಹೊತ್ತು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ; ಮುಂದೆಯೂ ಎಂದೂ ಅನ್ನಲಿಲ್ಲ. ಬಗ್ಗಿ ಕಪ್ಪು ಚೀಲದ ಬಾಯಿ ಕಟ್ಟಿ, ಅದರ ಒಂದು ಮೂಲೆಯನ್ನು ಡಬ್ಬಿಯಕ್ಕನ ಕಡೆಗೆ ತಳ್ಳಿದಳು.

"ಹಿಡ್ಕೋ ಆ ಕಡೆ. ಭಾರ ಇದೆ."

ಇಬ್ಬರೂ ಸೇರಿ ಅದನ್ನು ಗುಂಡಿಯವರೆಗೆ ಎಳೆದುಕೊಂಡು ಹೋದರು.